ಡಾಂಬರಿಗೆ ಮೊದಲು ಚರಂಡಿ ನೋಡಿ: ಸವೆದ ರಸ್ತೆಗೆ ನಿರ್ವಹಣೆಯೇ, ದುರಸ್ತಿಯೇ?

ಮಳೆಗಾಲ ಮುಗಿದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರ ಭಾಗದ ಪಂಚಾಯಿತಿ ಸದಸ್ಯರು, ಸಹಕಾರ ಸಂಘದವರು ಮತ್ತು ಸ್ವಂತ ಖರ್ಚಿನಲ್ಲಿ ತೋಟದ ರಸ್ತೆ ಮಾಡಿಸಿಕೊಂಡವರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಸವೆದಿರುವ ಡಾಂಬರಿಗೆ ಮೇಲಿನ ನಿರ್ವಹಣೆ ಸಾಕೇ, ಇಲ್ಲವೇ ಅಗೆದು ದುರಸ್ತಿ ಮಾಡಿಸಬೇಕೇ? ರಸ್ತೆಯ ಮೇಲ್ಮೈ ಎಷ್ಟು ಕೆಟ್ಟದಾಗಿ ಕಾಣುತ್ತದೆ ಎಂಬುದನ್ನು ನೋಡಿ ಈ ತೀರ್ಮಾನಕ್ಕೆ ಬರಲಾಗದು. ನೋಡಬೇಕಾದದ್ದು ಅದರ ಕೆಳಗಿನ ಜಲ್ಲಿ ಪದರ ಮತ್ತು ಮಣ್ಣು ಇನ್ನೂ ಭಾರ ಹೊರುತ್ತಿವೆಯೇ ಎಂಬುದನ್ನು.

ಡಾಂಬರು ರಸ್ತೆ ಮುಖ್ಯವಾಗಿ ಎರಡು ಬಗೆಯಲ್ಲಿ ಹಾಳಾಗುತ್ತದೆ. ಮೊದಲನೆಯದು ವಯಸ್ಸಿನಿಂದ ಬರುವಂಥದ್ದು: ಬಿಸಿಲಿಗೂ ಗಾಳಿಯ ಆಮ್ಲಜನಕಕ್ಕೂ ಸಿಕ್ಕಿದ ಬಿಟುಮಿನ್, ಅಂದರೆ ಜಲ್ಲಿಯನ್ನು ಹಿಡಿದಿಡುವ ಕಪ್ಪು ಅಂಟು, ಗಡುಸಾಗುತ್ತದೆ, ಕಪ್ಪು ಬಣ್ಣ ಬೂದಿಗೆ ತಿರುಗುತ್ತದೆ, ಸಣ್ಣ ಜಲ್ಲಿ ಒಂದೊಂದಾಗಿ ಎದ್ದು ರಸ್ತೆ ಬದಿಗೆ ಸೇರುತ್ತದೆ, ಅಲ್ಲಲ್ಲಿ ತೆಳುವಾದ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ಎರಡನೆಯದು ಬಲಗುಂದುವಿಕೆ: ಕೆಳಗಿನ ಮೆಟ್ಲಿಂಗ್ (ಜಲ್ಲಿ ಪದರ) ಅಥವಾ ಮಣ್ಣು ನೀರು ಕುಡಿದು ಮೆತ್ತಗಾದ ಮೇಲೆ, ಪ್ರತಿ ಗಾಲಿ ಹಾದಾಗಲೂ ಡಾಂಬರಿನ ಪದರ ಬಾಗಿ ಏಳುತ್ತ, ಕೊನೆಗೆ ಗಾಲಿ ಓಡುವ ಜಾಡಿನಲ್ಲಿ ಮೊಸಳೆಯ ಚರ್ಮದಂತೆ ಬಿರಿಯುತ್ತದೆ. ಮೊದಲನೆಯದಕ್ಕೆ ನಿರ್ವಹಣೆ ಸಾಕು. ಎರಡನೆಯದಕ್ಕೆ ಸಾಲದು, ಏಕೆಂದರೆ ಮೇಲ್ಮೈ ಮುಚ್ಚುವ ತೆಳು ಲೇಪವಾದ ಸೀಲ್ ಕೋಟ್ ಆಗಲಿ, 4ರಿಂದ 8 ಮಿ.ಮೀ. ದಪ್ಪದ ಹೊದಿಕೆಯಾದ ಮೈಕ್ರೋ ಸರ್ಫೇಸಿಂಗ್ ಆಗಲಿ ನೀರನ್ನು ತಡೆಯುತ್ತವೆಯೇ ಹೊರತು ರಸ್ತೆಗೆ ಹೊರುವ ಶಕ್ತಿಯನ್ನು ಸೇರಿಸುವುದಿಲ್ಲ.

ನಮ್ಮ ಸೀಮೆಯಲ್ಲಿ ಮೊದಲನೆಯದು ಬಹಳ ಬೇಗ ಎರಡನೆಯದಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಶಿವಮೊಗ್ಗ ನಗರದಲ್ಲಿ ಬೀಳುವುದು ಅದರ ಸಣ್ಣ ಪಾಲು ಮಾತ್ರ. ಬಯಲುಸೀಮೆಯಲ್ಲಿ ಹಲವು ವರ್ಷ ಸುಮ್ಮನಿರಬಹುದಾದ ಬಿರುಕು ಇಲ್ಲಿ ಪುನರ್ವಸು, ಪುಷ್ಯ ಮಳೆಯ ಒಂದೇ ಹಿಡಿತದಲ್ಲಿ ಗುಂಡಿಯಾಗುತ್ತದೆ. ಹಳ್ಳಿ ರಸ್ತೆಗಳಿಗೆ ಸಾಮಾನ್ಯವಾಗಿ ಹಾಕುವ 20 ಮಿ.ಮೀ. ಪ್ರಿಮಿಕ್ಸ್ ಕಾರ್ಪೆಟ್ (ಜಲ್ಲಿಗೆ ಬಿಟುಮಿನ್ ಮೊದಲೇ ಕಲಸಿ ಹಾಸುವ ಪದರ) ತನ್ನಷ್ಟಕ್ಕೆ ನೀರು ತಡೆಯುವ ಪದರವೇ ಅಲ್ಲ. ಅದರ ಮೇಲಿನ ಸೀಲ್ ಕೋಟ್ ಸವೆದ ದಿನದಿಂದ ಮಳೆನೀರು ನೇರವಾಗಿ ಮೆಟ್ಲಿಂಗಿಗೆ ಇಳಿಯತೊಡಗುತ್ತದೆ. ಆದ್ದರಿಂದ ಮಲೆನಾಡಿನಲ್ಲಿ ನಿರ್ವಹಣೆಯನ್ನು ರಸ್ತೆ ಇನ್ನೂ ಚೆನ್ನಾಗಿ ಕಾಣುತ್ತಿರುವಾಗಲೇ ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಪರೀಕ್ಷೆಗೆ ತಕ್ಕ ಹೊತ್ತು ಮಳೆ ಒಂದೆರಡು ದಿನ ಬಿಡುವು ಕೊಟ್ಟಾಗ. ಆಗ ರಸ್ತೆಯ ಮೇಲ್ಮೈ ಆರಿರುತ್ತದೆ, ಬಿರುಕುಗಳು ಮಾತ್ರ ಒದ್ದೆಯಾಗಿ ಎದ್ದು ಕಾಣುತ್ತವೆ. ಜಂಬಿಟ್ಟಿಗೆ ಕಲ್ಲಿನ ಲಾರಿಯೋ ಮರಳಿನ ಲಾರಿಯೋ ನಿಧಾನವಾಗಿ ಹಾದುಹೋಗುವಾಗ ಪಕ್ಕದಲ್ಲಿ ಕುಳಿತು ಬಿರುಕಿನ ಬಾಯಿಯನ್ನೇ ನೋಡಬೇಕು. ಗಾಲಿ ಬಂದೊಡನೆ ಒಳಗಿನಿಂದ ಕೆಂಪು ಕೆಸರುನೀರು ಉಕ್ಕಿ, ಗಾಲಿ ಹೋದೊಡನೆ ಒಳಗೆಳೆದುಕೊಂಡರೆ, ಕೆಳಗಿನ ನುಣ್ಣನೆಯ ಮಣ್ಣು ಜಲ್ಲಿಯ ಸಂದಿಗಳ ಮೂಲಕ ಹೊರಬರುತ್ತಿದೆ ಎಂದೇ ಅರ್ಥ. ಅಂಥ ಬಿರುಕಿನ ಸುತ್ತ ನೀರು ಆರಿದ ಮೇಲೂ ಕೆಮ್ಮಣ್ಣಿನ ಕಲೆ ಉಳಿದಿರುತ್ತದೆ. ಆ ಜಾಗಕ್ಕೆ ಯಾವ ಸೀಲೂ ನಿಲ್ಲದು. ಬಿರುಕು ಎಷ್ಟೇ ಅಗಲವಾಗಿ ಕಂಡರೂ ಒಳಗಿನಿಂದ ಶುದ್ಧ ನೀರು ಮಾತ್ರ ಒಸರಿದರೆ, ಗಾಲಿಯಡಿ ರಸ್ತೆ ಅಲುಗದಿದ್ದರೆ, ಬೇಸಿಗೆಯಲ್ಲಿ ಬಿರುಕು ಶುಚಿಗೊಳಿಸಿ ಮುಚ್ಚುವುದು ಬಹುಪಾಲು ಸಾಕಾಗುತ್ತದೆ.

ಅಳತೆಗೂ ಒಂದು ಆಧಾರವಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐ.ಆರ್.ಸಿ. 81 ಸಂಹಿತೆಯು ಬಿರುಕಿಲ್ಲದೆ, ಗಾಲಿಜಾಡಿನ ತಗ್ಗು 10 ಮಿ.ಮೀ.ಗಿಂತ ಕಡಿಮೆ ಇರುವ ರಸ್ತೆಯನ್ನು ಉತ್ತಮವೆಂದೂ, ತಗ್ಗು 20 ಮಿ.ಮೀ. ದಾಟಿದ್ದನ್ನು ಅಥವಾ ಬಿರುಕು ವ್ಯಾಪಕವಾಗಿ ಹಬ್ಬಿದ್ದನ್ನು ಕಳಪೆಯೆಂದೂ, ಬಿರುಕು ಶೇ. 20ನ್ನು ಮೀರಿದ ಭಾಗವನ್ನು ವಿಫಲವೆಂದೂ ವಿಂಗಡಿಸುತ್ತದೆ. ಆದರೆ ಸಣ್ಣ ರಸ್ತೆಯ ಮಟ್ಟಿಗೆ ನಾನು ಅದಕ್ಕಿಂತ ಹೆಚ್ಚು ನೆಚ್ಚಿಕೊಳ್ಳುವುದು ಒಂದು ಪರೀಕ್ಷಾ ಗುಂಡಿಯನ್ನು. ಗಾಲಿಜಾಡಿನಲ್ಲಿ ಒಂದೂವರೆ ಅಡಿ ಚೌಕದಷ್ಟು ಡಾಂಬರು ಎತ್ತಿ, ಮಣ್ಣು ಸಿಗುವವರೆಗೆ ಪದರ ಪದರವಾಗಿ ಅಗೆಸಿದರೆ ಅರ್ಧ ದಿನದಲ್ಲಿ ಎಲ್ಲವೂ ತಿಳಿಯುತ್ತದೆ. ಎತ್ತಿದ ಡಾಂಬರಿನ ಅಡಿಭಾಗದ ಜಲ್ಲಿ ಕಪ್ಪಾಗಿಯೇ ಇದೆಯೇ, ಅಥವಾ ಬಿಟುಮಿನ್ ಕಳಚಿ ಕಲ್ಲಿನ ಬಣ್ಣ ಕಾಣುತ್ತಿದೆಯೇ? ಮೆಟ್ಲಿಂಗ್ ಹಾರೆಗೆ ಗಟ್ಟಿಯಾಗಿ ತಡೆ ಕೊಡುತ್ತದೆಯೇ, ಇಲ್ಲವೇ ಜೇಡಿಯಲ್ಲಿ ಕಲಸಿಹೋಗಿದೆಯೇ? ಈ ಎರಡು ಉತ್ತರ ಸಿಕ್ಕ ಮೇಲೆ ವಾದಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ.

ಸಾಮಾನ್ಯವಾಗಿ ಒಂದೇ ರಸ್ತೆಯಲ್ಲಿ ಎರಡೂ ಸ್ಥಿತಿಗಳು ಇರುತ್ತವೆ. ಒಂದು ಕಿಲೋಮೀಟರಿನಲ್ಲಿ ಮೋರಿಯ ಹತ್ತಿರ, ಗುಡ್ಡ ಕಡಿದ ಬದಿಯಲ್ಲಿ, ದಟ್ಟ ಮರದ ನೆರಳಿನಲ್ಲಿ ಮಾತ್ರ ತಳ ಕೆಟ್ಟಿರುತ್ತದೆ. ಉಳಿದದ್ದು ಗಟ್ಟಿಯಾಗಿಯೇ ಇರುತ್ತದೆ. ಇಡೀ ಉದ್ದಕ್ಕೆ ಹೊಸ ಡಾಂಬರು ಹೊದಿಸುವ ಬದಲು ಕೆಟ್ಟ ತುಂಡುಗಳನ್ನು ಪೂರ್ತಿ ಆಳದವರೆಗೆ ತೆಗೆದು ಕಟ್ಟಿ, ಉಳಿದ ಭಾಗಕ್ಕೆ ಸೀಲ್ ಮಾಡುವುದು ಇಂಥಲ್ಲಿ ಸರಿಯಾದ ದಾರಿ. ಗುಂಡಿಯ ಅಂಚನ್ನು ಗಟ್ಟಿ ಡಾಂಬರು ಸಿಗುವವರೆಗೆ ಚೌಕವಾಗಿ, ನೇರ ಗೋಡೆ ಬರುವಂತೆ ಕತ್ತರಿಸಬೇಕು. ಸಡಿಲವಾದದ್ದನ್ನೆಲ್ಲ ತೆಗೆದು ಒಣಗಿಸಬೇಕು. ತಳಕ್ಕೂ ಗೋಡೆಗೂ ಟ್ಯಾಕ್ ಕೋಟ್ (ಹೊಸ ಪದರ ಅಂಟಿಕೊಳ್ಳಲು ಹಾಕುವ ಬಿಟುಮಿನ್ ಲೇಪ) ಬಳಿದು, ಮಿಶ್ರಣವನ್ನು ಪದರಗಳಲ್ಲಿ ತುಂಬಿ ಪ್ರತಿ ಪದರವನ್ನೂ ದಮ್ಮಸು ಮಾಡಬೇಕು. ವಿ.ಜಿ. 30 ದರ್ಜೆಯ ಬಿಟುಮಿನ್ನಿನ ಬಿಸಿ ಮಿಶ್ರಣವನ್ನು ಹಾಸುವಾಗ ಅದರ ಶಾಖ 140 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು. ಪ್ಲಾಂಟಿನಿಂದ ಟಾರ್ಪಾಲು ಹೊದಿಸದೆ ಘಾಟಿ ಹತ್ತಿಸಿ ತಂದ ಮಿಶ್ರಣ ಕಪ್ಪಾಗಿ ಕಂಡರೂ ರೋಲರಿಗೆ ಕೂರುವುದಿಲ್ಲ. ಆದ್ದರಿಂದ ಥರ್ಮಾಮೀಟರ್ ಹಾಕಿ ನೋಡದೆ ಲಾರಿ ಖಾಲಿ ಮಾಡಲು ಬಿಡಬಾರದು.

ತಳ ಕೆಟ್ಟ ರಸ್ತೆಯ ಮೇಲೆ ಹೊಸ ಪದರ ಹೊದಿಸಿ ಫೋಟೋ ತೆಗೆಸಿಕೊಳ್ಳುವುದು ನಮ್ಮಲ್ಲಿ ತೀರಾ ಸಾಮಾನ್ಯವಾಗಿದೆ, ಮತ್ತು ಇದು ನನಗೆ ನಿಜವಾಗಿಯೂ ನೋವು ತರುತ್ತದೆ. ಹಳೆಯ ಬಿರುಕು ಹೊಸ ಪದರದಲ್ಲಿ ಅದೇ ಜಾಗದಲ್ಲಿ ಮೇಲೇಳುತ್ತದೆ. ಜೊತೆಗೆ ರಸ್ತೆ ಎತ್ತರವಾಗಿ, ಬದಿಯ ಮಣ್ಣು ತಗ್ಗಾಗಿ, ಡಾಂಬರಿನ ಅಂಚು ಆಸರೆಯಿಲ್ಲದೆ ಮುರಿಯುತ್ತದೆ. ಕಿರಿದಾದ ರಸ್ತೆಯಲ್ಲಿ ಬಸ್ಸಿಗೆ ಜಾಗ ಬಿಡಲು ಕೆಳಗಿಳಿಯುವ ದ್ವಿಚಕ್ರ ವಾಹನದವರು ಬೀಳುವುದು ಆ ಅಂಚಿನಲ್ಲೇ.

ಯಾವ ದಾರಿ ಹಿಡಿದರೂ ಚರಂಡಿಯ ಕೆಲಸ ಮೊದಲು ಆಗಬೇಕು. ರಸ್ತೆಯ ನಡುವಿನಿಂದ ಅಂಚಿಗೆ ಶೇ. 2.5ರಷ್ಟು ಇಳಿಜಾರು ಕೊಟ್ಟರೂ ಅಂಚಿನಲ್ಲಿ ಬೆಳೆದ ಹುಲ್ಲಿನ ದಿಂಡು ನೀರನ್ನು ಡಾಂಬರಿನ ಮೇಲೆಯೇ ನಿಲ್ಲಿಸುತ್ತದೆ. ಚರಂಡಿಗೆ ಸುರಿದ ಅಡಿಕೆ ಸಿಪ್ಪೆ ಮೊದಲ ಮಳೆಗೇ ಮೆತ್ತೆಯಾಗಿ ಮೋರಿಯ ಬಾಯಿ ಮುಚ್ಚುತ್ತದೆ. ಮನೆಗೆ ವಾಹನ ಇಳಿಸಲು ಪೈಪು ಹಾಕದೆ ಚರಂಡಿಗೆ ಮಣ್ಣು ತುಂಬಿದ ಜಾಗಗಳ ಮೇಲ್ಭಾಗದಲ್ಲಿ ರಸ್ತೆ ಕುಸಿದಿರುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಹಣ ಸಾಲದಿದ್ದರೆ ಡಾಂಬರಿನ ಉದ್ದ ಕಡಿಮೆ ಮಾಡಿ, ಚರಂಡಿಯ ಬಾಬ್ತು ಕಡಿಮೆ ಮಾಡಬೇಡಿ ಎಂಬುದು ನನ್ನ ಸಲಹೆ.

ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಕ್ಸಲ್ಲಿನ ಭಾರ ಶೇ. 20ರಷ್ಟು ಹೆಚ್ಚಿದರೆ ರಸ್ತೆಗೆ ಆಗುವ ಹಾನಿ ಸುಮಾರು ಎರಡು ಪಟ್ಟಾಗುತ್ತದೆ. ಹೊಸದಾಗಿ ಕ್ವಾರಿ ಶುರುವಾದ ದಾರಿಗೆ, ಇಂದು ತಳ ಗಟ್ಟಿಯಿದ್ದರೂ, ಬರೀ ಸೀಲ್ ಶಿಫಾರಸು ಮಾಡಲಾರೆ.

ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಕಾಲ ತಕ್ಕುದು. ತಳದ ತೇವ ಆರುವ ಮೊದಲೇ ಸೀಲ್ ಮಾಡಿದರೆ ನೀರು ಒಳಗೇ ಸಿಕ್ಕಿಕೊಂಡು ಜಲ್ಲಿಯಿಂದ ಬಿಟುಮಿನ್ ಕಳಚುತ್ತದೆ. ಚಳಿಗಾಲದ ಮಂಜಿನ ಬೆಳಗುಗಳಲ್ಲಿ ಇಬ್ಬನಿ ಪೂರ್ತಿ ಆರಿದ ಮೇಲೆಯೇ ಎಮಲ್ಷನ್ (ನೀರಿನಲ್ಲಿ ಬೆರೆಸಿದ ಬಿಟುಮಿನ್) ಸಿಂಪಡಿಸಬೇಕು. ಮಳೆಗಾಲದ ನಡುವೆ ಗುಂಡಿ ಬಿದ್ದರೆ ಕೆಮ್ಮಣ್ಣು ತುಂಬುವುದು ಬೇಡ. ಅದು ಕೆಸರಾಗಿ ಸುತ್ತಲಿನ ಮೆಟ್ಲಿಂಗನ್ನೂ ಕೆಡಿಸುತ್ತದೆ. ಆಗ ಎಮಲ್ಷನ್ನಿನ ತಣ್ಣನೆಯ ಮಿಶ್ರಣವನ್ನೋ ಚೀಲದಲ್ಲಿ ಬರುವ ಸಿದ್ಧ ಮಿಶ್ರಣವನ್ನೋ ತುಂಬಿ ಗುದ್ದಿ, ಆ ಗುಂಡಿಗಳನ್ನು ಗುರುತು ಮಾಡಿಟ್ಟುಕೊಂಡು, ಡಿಸೆಂಬರಿನಲ್ಲಿ ಅವನ್ನು ಕತ್ತರಿಸಿ ಮತ್ತೆ ಕಟ್ಟುವ ಖರ್ಚನ್ನೂ ಅದೇ ಅಂದಾಜು ಪಟ್ಟಿಯಲ್ಲಿ ಸೇರಿಸಬೇಕು.