ಸಾವಧಾನ ಮತ್ತು ಓರಗೆಯವರ ಆಸರೆ

ಮನೆಯಿಲ್ಲದೆ ಬೀದಿಯಲ್ಲಿ ಬೆಳೆಯುವ ಹುಡುಗ ಹುಡುಗಿಯರ ನಡುವಿನ ಹೊಡೆದಾಟ ತಗ್ಗಿಸಲು ‘ಮೈಂಡ್‌ಫುಲ್‌ನೆಸ್’ ಮತ್ತು ‘ಪೀರ್ ಸಪೋರ್ಟ್’ ಎಂಬ ಎರಡು ದಾರಿಗಳನ್ನು ಜೊತೆಯಾಗಿ ಬಳಸುವುದುಂಟು. ‘ಮೈಂಡ್‌ಫುಲ್‌ನೆಸ್’ ಅನ್ನು, ಅಂದರೆ ಈ ಕ್ಷಣ ಮೈಯಲ್ಲಿ, ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಗಮನಿಸುವುದನ್ನು, ಕನ್ನಡದಲ್ಲಿ ಕೆಲವರು ‘ಎಚ್ಚರ’ ಎನ್ನುತ್ತಾರೆ, ಕೆಲವರು ‘ಸಾವಧಾನ’ ಎನ್ನುತ್ತಾರೆ. ಈ ಹುಡುಗ ಹುಡುಗಿಯರ ಮಾತು ಬಂದಾಗ ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಎಚ್ಚರ ಅವರಲ್ಲಿ ಮೊದಲೇ ಜಾಸ್ತಿ. ಮಲಗುವಾಗ ಚೀಲವನ್ನು ತೋಳಿಗೆ ಸುತ್ತಿಕೊಳ್ಳಬೇಕು. ಹಿಂದೆ ಹೆಜ್ಜೆ ಸದ್ದಾದರೆ ಮೈ ಬಿಗಿಯುತ್ತದೆ. ಹೀಗೆ ಬದುಕಿದವರಿಗೆ ಯಾರೋ ಸುಮ್ನೆ ನೋಡಿದರೂ ಜಗಳಕ್ಕೆ ಕರೆದಂತೆ ಕಾಣುತ್ತದೆ. ಯೋಚನೆಗಿಂತ ಮೊದಲು ಕೈ ಏಳುತ್ತದೆ.

ಸಾವಧಾನ ಎಂದರೆ ಅವಧಾನದಿಂದ, ಅಂದರೆ ಗಮನವಿಟ್ಟು. ಆಡುಮಾತಿನಲ್ಲಿ ಅದಕ್ಕೆ ‘ಅವಸರವಿಲ್ಲದೆ’ ಎಂಬ ಅರ್ಥವೂ ಇದೆ. ಇಲ್ಲಿ ಎರಡೂ ಬೇಕು. ದವಡೆ ಬಿಗಿಯಿತು, ಉಸಿರು ಚಿಕ್ಕದಾಯಿತು, ಎದೆ ಹೊಡೆದುಕೊಳ್ಳುತ್ತಿದೆ ಎಂದು ಸಿಟ್ಟು ಏರುವಾಗಲೇ ತಿಳಿಯಬೇಕು. ತಿಳಿದರೆ ಎರಡು ಮೂರು ಸೆಕೆಂಡು ಸಿಗುತ್ತದೆ. ಹೊಡೆಯಲೋ, ಬಿಟ್ಟು ನಡೆಯಲೋ ಎಂದು ಆಯ್ದುಕೊಳ್ಳಲು ಅಷ್ಟು ಸಾಕು. ಸಿಟ್ಟೇ ಬರಬಾರದು ಎಂದು ಯಾರೂ ಕಲಿಸುವುದಿಲ್ಲ. ಅವರ ಸಿಟ್ಟಿಗೆ ಎಷ್ಟೋ ಸಲ ಒಳ್ಳೆಯ ಕಾರಣವೇ ಇರುತ್ತದೆ, ಅಲ್ವಾ?

ಈ ಅಭ್ಯಾಸದ ಬೇರು ಬೌದ್ಧರ ಧ್ಯಾನದಲ್ಲಿದೆ. ಪಾಲಿ ಭಾಷೆಯಲ್ಲಿ ಅದು ‘ಸತಿ’, ಅಂದರೆ ಸಂಸ್ಕೃತದ ‘ಸ್ಮೃತಿ’. ಅಮೆರಿಕದ ವಿಜ್ಞಾನಿ ಜಾನ್ ಕಬಾಟ್-ಜಿನ್ 1979ರಲ್ಲಿ ಅದನ್ನು ಆಸ್ಪತ್ರೆಗೆ ತಂದರು. ದೀರ್ಘಕಾಲದ ನೋವಿನಿಂದ ನರಳುವವರಿಗಾಗಿ ಬೆಳೆದ ಆ ತರಬೇತಿ 8 ವಾರಗಳದು. ಅದನ್ನೇ ಎತ್ತಿ ಬೀದಿಗೆ ತಂದಿಟ್ಟರೆ ನಡೆಯುವುದಿಲ್ಲ. ‘ಕಣ್ಣು ಮುಚ್ಚಿ ಕೂತ್ಕೊಳ್ಳಿ’ ಎಂದರೆ, ಕಣ್ಣು ಮುಚ್ಚಿದಾಗಲೇ ಪೆಟ್ಟು ತಿಂದವರಿಗೆ ಭಯವಾಗುತ್ತದೆ. ಹಳೆಯ ನೆನಪುಗಳೂ ನುಗ್ಗಬಹುದು. ಆದ್ದರಿಂದ ಕಣ್ಣು ತೆರೆದೇ ಇರಲಿ, ಪಾದ ನೆಲ ಮುಟ್ಟುವುದನ್ನು ಗಮನಿಸುತ್ತ ನಡೆಯಲಿ, ನಾಲ್ಕೈದು ನಿಮಿಷ ಸಾಕು, ಬೇಡವೆನಿಸಿದರೆ ಎದ್ದು ಹೋಗಲಿ.

ಇನ್ನು ‘ಪೀರ್ ಸಪೋರ್ಟ್’. ಇದಕ್ಕೆ ಓರಗೆಯವರ ಆಸರೆ ಎನ್ನೋಣ. ಓರಗೆ ಎಂದರೆ ಇಲ್ಲಿ ಒಂದೇ ವಯಸ್ಸು ಮಾತ್ರವಲ್ಲ, ಒಂದೇ ಪಾಡು ಪಟ್ಟವರು. ಈ ಯೋಚನೆ ಹೊಸದೇನಲ್ಲ. 18ನೇ ಶತಮಾನದ ಕೊನೆಯಲ್ಲೇ ಪ್ಯಾರಿಸ್‌ನ ಬಿಸೆತ್ರ್ ಆಸ್ಪತ್ರೆಯಲ್ಲಿ ಮನೋರೋಗಿಗಳನ್ನು ನೋಡಿಕೊಳ್ಳಲು ಗುಣವಾದ ರೋಗಿಗಳನ್ನೇ ಇಟ್ಟುಕೊಂಡಿದ್ದರು.

ಬೀದಿಯಲ್ಲಿ ಇದು ಏಕೆ ಮುಖ್ಯ? ಅಲ್ಲಿ ಜಗಳ ಒಬ್ಬನದಾಗಿ ಉಳಿಯುವುದಿಲ್ಲ. ಗೆಳೆಯನಿಗೆ ಬಿದ್ದ ಏಟು ಗುಂಪಿಗೇ ಬಿದ್ದಂತೆ. ಇವತ್ತು ಹೊಡೆದವನು ನಾಳೆ ಏಟು ತಿನ್ನುತ್ತಾನೆ. ಪೊಲೀಸರ ಮೇಲೂ ದೊಡ್ಡವರ ಮೇಲೂ ನಂಬಿಕೆ ಕಡಿಮೆ. ಹಾಗಾಗಿ ಗುಂಪು ಯಾರ ಮಾತು ಕೇಳುತ್ತದೋ ಅವರನ್ನೇ ಹುಡುಕಿ ತರಬೇತಿ ಕೊಡುತ್ತಾರೆ. ‘ಉಸಿರಿನ ಮೇಲೆ ಗಮನವಿಡು’ ಎಂದು ಹೊರಗಿನವರು ಹೇಳಿದರೆ ನಗು ಬರುತ್ತದೆ. ಜೊತೆಗಾರನೇ ಹೆಗಲ ಮೇಲೆ ಕೈಯಿಟ್ಟು, ‘ಬಾರೋ, ಒಂದು ಸುತ್ತು ಹೋಗಿ ಬರೋಣ’ ಎಂದರೆ ಕಾಲು ಕೀಳುತ್ತಾನೆ. ಸಾವಧಾನದ ಪಾಠ ಎಷ್ಟೋ ಸಲ ಇಷ್ಟೇ.

ಹೀಗೆ ತರಬೇತಿ ಪಡೆದ ಹುಡುಗ ಹುಡುಗಿಯರು ಆಪ್ತಸಮಾಲೋಚಕರಲ್ಲ. ಚಾಕು ಇಟ್ಟುಕೊಂಡು ಯಾರನ್ನೋ ಕಾಯುತ್ತಿರುವವನನ್ನೋ, ಸಾಯುವ ಮಾತಾಡುವವಳನ್ನೋ ಒಬ್ಬರೇ ಸಂಭಾಳಿಸಲು ಬಿಡಬಾರದು. ಆಗ ಯಾರನ್ನು ಕರೆಯಬೇಕೆಂದು ಮೊದಲ ದಿನವೇ ಹೇಳಿಕೊಡಬೇಕು. ದುಡಿಸಿಕೊಂಡ ಮೇಲೆ ಸಂಬಳವನ್ನೂ ಕೊಡಬೇಕು.