ಅಗ್ರಿಮೆಂಟ್ ಇಲ್ಲ, ಹೊಸ ಮನೆ ಸೋರುತ್ತಿದೆ: ಕೇಸ್ ನಿಲ್ಲುತ್ತಾ?

ಪ್ರಶ್ನೆ: ಮಂಡ್ಯದಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿ ಹತ್ತು ತಿಂಗಳಾಯಿತು. ಮೊದಲ ದೊಡ್ಡ ಮಳೆಗೇ ತಾರಸಿ ಸೋರಿತು. ಹಾಲ್‌ನಲ್ಲಿ ಕಿಟಕಿ ಮೂಲೆಯಿಂದ ಗೋಡೆ ಓರೆಯಾಗಿ ಬಿರುಕು ಬಿಟ್ಟಿದೆ. ಕಾಂಟ್ರಾಕ್ಟರ್ ಮೊದಲು "ನಾಳೆ ಬರ್ತೀನಿ ಅಣ್ಣ" ಅಂತಿದ್ದರು, ಈಗ ಫೋನ್ ಎತ್ತುತ್ತಿಲ್ಲ. ಅಗ್ರಿಮೆಂಟ್ ಮಾಡಿಕೊಂಡಿರಲಿಲ್ಲ. ಕೇಸ್ ಹಾಕಿದರೂ ನಿಲ್ಲಲ್ಲ ಅಂತ ಎಲ್ಲರೂ ಹೇಳ್ತಿದ್ದಾರೆ. ನಿಜವಾ ಸರ್?

ಉತ್ತರ: ನಿಜ ಅಲ್ಲ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಕೇಳುವವರ ಊರು ಬದಲಾಗುತ್ತದೆ. ಒಮ್ಮೆ ಮೈಸೂರಿನ ದಟ್ಟಗಳ್ಳಿ, ಒಮ್ಮೆ ಮದ್ದೂರು, ಒಮ್ಮೆ ಶ್ರೀರಂಗಪಟ್ಟಣ. ಸೋರುವ ಕೋಣೆ ಬದಲಾಗುತ್ತದೆ. ಕೊನೆಯ ಸಾಲು ಮಾತ್ರ ಅದೇ: ಅಗ್ರಿಮೆಂಟ್ ಇಲ್ಲ, ಕೇಸ್ ನಿಲ್ಲಲ್ಲವಂತೆ. ನಾನು ಸಿವಿಲ್ ಎಂಜಿನಿಯರ್, ವಕೀಲ ಅಲ್ಲ. ಆದರೆ ಇಂಥ ಮನೆಗಳನ್ನು ನೋಡಿ ವರದಿ ಬರೆದುಕೊಡುವ ಕೆಲಸ ಬಹಳ ವರ್ಷದಿಂದ ಮಾಡುತ್ತಿದ್ದೇನೆ. ಹಾಗಾಗಿ ಇವತ್ತು ಇದನ್ನು ಬುಡದಿಂದ ಹೇಳಿಬಿಡುತ್ತೇನೆ.

ಅದಕ್ಕೂ ಮೊದಲು ಒಂದು ಕೆಲಸ. ದಯವಿಟ್ಟು ಬೇರೆ ಮೇಸ್ತ್ರಿಯನ್ನು ಕರೆಸಿ ಈಗಲೇ ರಿಪೇರಿ ಮಾಡಿಸಬೇಡಿ. ಬಿರುಕಿಗೆ ಪುಟ್ಟಿ ತುಂಬಿ, ತಾರಸಿಗೆ ವಾಟರ್‌ಪ್ರೂಫಿಂಗ್ ಬಳಿದ ಮೇಲೆ ತೋರಿಸೋಕೆ ಏನು ಉಳಿಯುತ್ತದೆ? ಮೊದಲು ದಾಖಲೆ ಆಗಲಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲೇ ತಾರೀಖು ಬರೆಯಿರಿ. ಮಕ್ಕಳ ಸ್ಕೇಲ್ ಒಂದನ್ನು ಬಿರುಕಿಗೆ ಅಡ್ಡಲಾಗಿ ಹಿಡಿದು ಫೋಟೋ ತೆಗೆಯಿರಿ. ತಿಂಗಳು ಬಿಟ್ಟು ನೋಡಿ. ಬಿರುಕು ಗೆರೆ ದಾಟಿ ಮುಂದೆ ಹೋಗಿದ್ದರೆ ಅದು ಇನ್ನೂ ಬೆಳೆಯುತ್ತಿದೆ ಅಂತ ಅರ್ಥ. ಆಗ ಅದು ಬರೀ ಗಾರೆಯ ಬಿರುಕಲ್ಲ, ಪಾಯದವರೆಗೂ ನೋಡಬೇಕಾಗುತ್ತದೆ. ತಾರಸಿಗೆ ಮಳೆ ಕಾಯಬೇಕಿಲ್ಲ. ನೀರು ಇಳಿಯುವ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಒಂದಿಂಚು ನೀರು ನಿಲ್ಲಿಸಿ, 24 ಗಂಟೆ ಬಿಡಿ. ಕೆಳಗೆ ಎಲ್ಲಿ ಒದ್ದೆ ಮೂಡುತ್ತದೋ ಅದನ್ನು ವಿಡಿಯೋ ಮಾಡಿ. ಸೀಲಿಂಗ್ ಜಗ್ಗಿದ್ದರೆ, ಕಾಂಕ್ರೀಟ್ ಚಕ್ಕೆ ಉದುರುತ್ತಿದ್ದರೆ ಮಾತ್ರ ಇದನ್ನು ಮಾಡಬೇಡಿ. ಆ ಕೋಣೆ ಖಾಲಿ ಮಾಡಿ ಅವತ್ತೇ ಎಂಜಿನಿಯರ್ ಒಬ್ಬರನ್ನು ಕರೆಸಿ.

ಈಗ ಅಗ್ರಿಮೆಂಟ್ ವಿಷಯ.

ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮನೆ ಕಟ್ಟುವವರು ಅದಕ್ಕೂ ಮೊದಲು ಸೈಟು ಕೊಂಡಿರುತ್ತಾರೆ. ಸೈಟಿಗೆ ಸ್ಟಾಂಪ್ ಪೇಪರ್ ಬೇಕು, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು, ನೋಂದಣಿ ಆಗದಿದ್ದರೆ ಕ್ರಯವೇ ಆಗಲಿಲ್ಲ. ಅದು ಜಮೀನಿನ ಕಾನೂನು. ಅದೇ ಭಯವನ್ನು ನಾವು ಮನೆ ಕಟ್ಟುವ ಕೆಲಸಕ್ಕೂ ತಂದು ಅಂಟಿಸಿಕೊಂಡಿದ್ದೇವೆ. ಆದರೆ ಕಟ್ಟುವ ಕೆಲಸ ಒಪ್ಪಿಸುವುದು ಆಸ್ತಿ ಮಾರಾಟ ಅಲ್ಲ, ಅದು ಕೆಲಸದ ಒಪ್ಪಂದ. ಅದಕ್ಕೆ 1872ರ ಭಾರತೀಯ ಕರಾರು ಕಾಯ್ದೆ ಇದೆ. ಆ ಕಾಯ್ದೆ ಬಾಯಿಮಾತಿನ ಒಪ್ಪಂದವನ್ನೂ ಒಪ್ಪುತ್ತದೆ. ಟೈಲರ್ ಹತ್ತಿರ ಬ್ಲೌಸ್ ಹೊಲಿಯೋಕೆ ಕೊಡುವಾಗ ಸ್ಟಾಂಪ್ ಪೇಪರ್ ಬರೆಸಿಕೊಳ್ಳುತ್ತೀರಾ? ಬಟ್ಟೆ ಹಾಳು ಮಾಡಿದರೆ ಕೇಳುವ ಹಕ್ಕು ಇಲ್ಲವಾ? ಇಲ್ಲಿ ದುಡ್ಡು ಜಾಸ್ತಿ, ಅಷ್ಟೇ. ಹಕ್ಕು ಒಂದೇ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆ ಅನ್ನುವ ಪದದ ವಿವರಣೆಯಲ್ಲೇ ಮನೆ ನಿರ್ಮಾಣ ಸೇರಿದೆ. ಸೇವೆಯ ಕೊರತೆ ಅಂದರೇನು ಅಂತ ಹೇಳುವಾಗ, ಒಪ್ಪಂದದ ಮೂಲಕ "ಅಥವಾ ಬೇರೆ ರೀತಿಯಲ್ಲಿ" ಒಪ್ಪಿಕೊಂಡ ಕೆಲಸ ಅನ್ನುವ ಅರ್ಥದ ಮಾತು ಅಲ್ಲಿದೆ. ಬರಹದಲ್ಲೇ ಇರಬೇಕು ಅಂತ ಆ ಕಾಯ್ದೆ ಎಲ್ಲೂ ಕೇಳುವುದಿಲ್ಲ. ದುಡ್ಡು ಪೂರ್ತಿ ಕೊಟ್ಟಿರಲೇಬೇಕು ಅಂತಲೂ ಇಲ್ಲ. ಸ್ವಲ್ಪ ಕೊಟ್ಟು ಸ್ವಲ್ಪ ಬಾಕಿ ಇದ್ದರೂ ನೀವು ಗ್ರಾಹಕರೇ.

"ಸರಿ, ಆದರೆ ಪುರಾವೆ?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ಬೋಗಾದಿ ಕಡೆಯಿಂದ ಒಬ್ಬ ದಂಪತಿ ಬಂದಿದ್ದರು. ಆ ತಾಯಿ ಬ್ಯಾಗಿನಿಂದ ಇನ್ನೂರು ಪುಟದ ನೋಟ್‌ಬುಕ್ ತೆಗೆದು, "ಇದು ಸುಮ್ನೆ ನಮ್ಮ ಲೆಕ್ಕಕ್ಕೆ ಬರೆದಿದ್ದು ಸರ್, ಅಗ್ರಿಮೆಂಟ್ ಅಂತ ಏನೂ ಇಲ್ಲ" ಅಂದರು. ತೆರೆದು ನೋಡಿದೆ. ಮೊದಲ ಪುಟದಲ್ಲಿ ಚದರಕ್ಕೆ ಎಷ್ಟು ಅಂತ ಮಾತಾಡಿದ ರೇಟು. ಆಮೇಲೆ ಪಾಯ, ಲಿಂಟೆಲ್, ಮೋಲ್ಡ್ (ಅಂದರೆ ತಾರಸಿಯ ಕಾಂಕ್ರೀಟ್), ಗಾರೆ, ಒಂದೊಂದಕ್ಕೂ ಕೊಟ್ಟ ಹಣ, ತಾರೀಖು. ಪ್ರತಿ ಸಾಲಿನ ಕೊನೆಗೆ ಕಾಂಟ್ರಾಕ್ಟರ್ ಸಹಿ. ಕೆಲವು ಸಹಿಯ ಮೇಲೆ ಸಿಮೆಂಟ್ ಮೆತ್ತಿದ ಹೆಬ್ಬೆರಳಿನ ಕಲೆ ಹಾಗೇ ಇತ್ತು. ಅಮ್ಮಾ, ಇದಕ್ಕಿಂತ ಒಳ್ಳೆ ಅಗ್ರಿಮೆಂಟ್ ನಾನು ನೋಡಿಲ್ಲ ಅಂದೆ. ಅವರಿಗೆ ನಂಬೋಕೇ ಆಗಲಿಲ್ಲ. ಒಂದು ವರ್ಷ ಅದನ್ನು ಬೀರುವಿನಲ್ಲಿಟ್ಟುಕೊಂಡು, ನಮ್ಮ ಹತ್ತಿರ ಏನೂ ಇಲ್ಲ ಅಂತ ಅಳುತ್ತಿದ್ದರು.

ನಿಮ್ಮ ಹತ್ತಿರ ನೋಟ್‌ಬುಕ್ ಇಲ್ಲದಿದ್ದರೆ ಫೋನ್ ಇದೆ. "ಮೋಲ್ಡ್‌ಗೆ ಮೂರು ಲಕ್ಷ ಕಳಿಸಿ ಅಣ್ಣ" ಅಂತ ಅವರು ಕಳಿಸಿದ ವಾಟ್ಸಾಪ್ ಮೆಸೇಜ್ ಇದೆ. ಮರುದಿನ ಬ್ಯಾಂಕಿನಿಂದ ಹೋದ ಹಣದ ದಾಖಲೆ ಇದೆ. ಸೋರುವ ಫೋಟೋಗೆ ಅವರು "ನೋಡ್ತೀನಿ" ಅಂತ ಹಾಕಿದ ಉತ್ತರ ಇದೆ. ಪ್ಲಾನ್, ಸಿಮೆಂಟ್ ಬಿಲ್, ಮೋಲ್ಡ್ ದಿನ ಪೂಜೆ ಮಾಡಿದಾಗ ಅವರೂ ನಿಂತಿರುವ ಫೋಟೋ, ಎಲ್ಲವೂ ಪುರಾವೆಯೇ. ಎಂಟು ತಿಂಗಳು ನಿಮ್ಮ ಸೈಟಿನಲ್ಲಿ ಆಳು ಇಟ್ಟು ಕೆಲಸ ಮಾಡಿಸಿದವರು, ನನಗೂ ಈ ಮನೆಗೂ ಸಂಬಂಧ ಇಲ್ಲ ಅಂತ ಹೇಗೆ ಹೇಳುತ್ತಾರೆ? ಆ ಚಾಟ್ ಅಳಿಸಬೇಡಿ. ಹಳೇ ಫೋನ್ ಎಕ್ಸ್‌ಚೇಂಜ್‌ಗೆ ಕೊಡಬೇಡಿ. ಪ್ರಿಂಟ್ ತೆಗೆದು ಕೋರ್ಟಿಗೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಈ ಪ್ರಿಂಟ್ ಫೋನಿನಲ್ಲಿದ್ದದ್ದೇ ಅಂತ ಹೇಳುವ ಪ್ರಮಾಣಪತ್ರ ಜೊತೆಗಿರಲಿ. ಅದರ ಕರಡನ್ನು ವಕೀಲರು ಸಿದ್ಧಮಾಡಿಕೊಡುತ್ತಾರೆ.

ಹಾಗಂತ ಅಗ್ರಿಮೆಂಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಬರಹ ಇಲ್ಲದಿದ್ದಾಗ ಕಷ್ಟ ಆಗುವ ವಿಷಯಗಳಿವೆ. ಯಾವ ಕಂಪನಿ ವೈರು, ಎಷ್ಟು ಕೋಟ್ ಪೇಂಟ್, ಟೈಲ್ಸ್‌ಗೆ ಅಡಿಗೆ ಎಷ್ಟು, ಇವನ್ನು ಬಾಯಿಮಾತಿನ ಮೇಲೆ ಸಾಬೀತು ಮಾಡುವುದು ಕಷ್ಟ. ಆದರೆ ತಾರಸಿ ಸೋರಬಾರದು ಅನ್ನುವುದನ್ನು ಯಾರೂ ಬರೆದಿಡಬೇಕಾಗಿಲ್ಲ, ಅಲ್ವಾ? ಇನ್ನೊಂದು ಎಚ್ಚರಿಕೆ. ನೀವೇ ದಿನಗೂಲಿ ಕೊಟ್ಟು, ನೀವೇ ನಿಂತು, ಹೀಗೆ ಮಾಡು ಹಾಗೆ ಮಾಡು ಅಂತ ಮಾಡಿಸಿದ್ದರೆ ಕಥೆ ಬೇರೆ. ಅದು ಕಾಂಟ್ರಾಕ್ಟ್ ಅಲ್ಲ, ಕೂಲಿ. ಅಲ್ಲಿ ತಪ್ಪು ಹೊರಿಸುವುದು ಸುಲಭ ಅಲ್ಲ.

ನಿಜವಾಗಿ ಕೇಸ್ ಕೆಡಿಸುವುದು ಅಗ್ರಿಮೆಂಟ್ ಇಲ್ಲದ್ದಲ್ಲ, ತಡ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು 2 ವರ್ಷ ಅವಧಿ. ತಡಕ್ಕೆ ಸರಿಯಾದ ಕಾರಣ ತೋರಿಸಿದರೆ ಆಯೋಗ ಒಪ್ಪಬಹುದು, ಅದನ್ನೇ ನಂಬಿ ಕೂರಬೇಡಿ. "ನಾಳೆ ಬರ್ತೀನಿ" ಅನ್ನುವ ಮಾತಿಗೆ ಕಾಯುತ್ತಾ ಕೂತರೂ ಆ ಅವಧಿ ಓಡುತ್ತಲೇ ಇರುತ್ತದೆ.

ಮೊದಲು ಒಂದು ಪತ್ರ ಬರೆಯಿರಿ. ಎಲ್ಲೆಲ್ಲಿ ಏನೇನು ಕೆಟ್ಟಿದೆ, ಎಷ್ಟು ದಿನದೊಳಗೆ ಸರಿಮಾಡಬೇಕು, ಬಾಕಿ ಹಣ ಇದ್ದರೆ ಅದನ್ನು ಯಾಕೆ ತಡೆಹಿಡಿದಿದ್ದೀರಿ, ಇಷ್ಟು ಸಾಕು. ಬೈಗುಳ ಬೇಡ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅದರ ಫೋಟೋ ವಾಟ್ಸಾಪ್‌ಗೂ ಹಾಕಿ. ಅವರು ತೆಗೆದುಕೊಳ್ಳದೆ ವಾಪಸ್ ಬಂದರೆ ಆ ಕವರ್ ಒಡೆಯಬೇಡಿ. ಪೋಸ್ಟ್‌ಮ್ಯಾನ್ ಬರೆದ ಷರಾ ಸಮೇತ ಹಾಗೇ ಇಡಿ. ಪತ್ರ ಹೋದ ಮೇಲೆ ಎಷ್ಟೋ ಕಾಂಟ್ರಾಕ್ಟರ್‌ಗಳು ಬಂದು ಕೆಲಸ ಮಾಡಿಕೊಡುತ್ತಾರೆ. ಮಾಡಲಿ, ಒಳ್ಳೆಯದೇ. ಆದರೆ ಒಂದು ಒಳ್ಳೆ ಮಳೆ ಬಿದ್ದು ನೋಡುವ ತನಕ "ಎಲ್ಲಾ ಸರಿಯಾಗಿದೆ" ಅಂತ ಸಹಿ ಹಾಕಬೇಡಿ.

ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಮೈಸೂರಿನಲ್ಲೂ ಇದೆ, ಮಂಡ್ಯದಲ್ಲೂ ಇದೆ. ಕಾಂಟ್ರಾಕ್ಟರ್ ಯಾವ ಊರಿನವರೇ ಆಗಿರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, ಅದಕ್ಕಿಂತ ಜಾಸ್ತಿ 2 ಕೋಟಿವರೆಗೆ ರಾಜ್ಯ ಆಯೋಗ. 20ರಿಂದ 50 ಲಕ್ಷದ ಕೆಲಸಕ್ಕೆ ದೂರಿನ ಶುಲ್ಕ 1,000 ರೂಪಾಯಿ. ವಕೀಲರು ಕಡ್ಡಾಯ ಅಲ್ಲ. ಏನೂ ತಿಳಿಯದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ರೇರಾಗೆ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ ಹೋಗುತ್ತೇವೆ, ಐದು ವರ್ಷ ಗ್ಯಾರಂಟಿ ಇದೆಯಂತೆ ಅನ್ನುತ್ತಾರೆ. ಅದು ಫ್ಲಾಟ್, ಲೇಔಟ್ ಮಾಡಿ ಮಾರುವವರಿಗೆ. ನಿಮ್ಮ ಸೈಟಿನಲ್ಲಿ ನೀವೇ ಕಟ್ಟಿಸಿಕೊಂಡ ಮನೆಗೆ ಬರುವುದಿಲ್ಲ. ಪೊಲೀಸ್ ಸ್ಟೇಷನ್‌ಗೆ ಹೋದರೆ ಇದು ಸಿವಿಲ್ ವಿಷಯ ಅಂತ ವಾಪಸ್ ಕಳಿಸುವುದೇ ಹೆಚ್ಚು.

ದೂರಿನ ಜೊತೆ ಎಂಜಿನಿಯರ್ ವರದಿ ಇಡುವುದನ್ನು ಮರೆಯಬೇಡಿ. ಕಾಂಕ್ರೀಟ್ ಗಟ್ಟಿ ಇದೆಯಾ ಅಂತ ಸುತ್ತಿಗೆಯಂಥ ಉಪಕರಣದಿಂದ ಒತ್ತಿ ನೋಡುವ ರಿಬೌಂಡ್ ಹ್ಯಾಮರ್ ಪರೀಕ್ಷೆ ಇದೆ. ಅನುಮಾನ ಜಾಸ್ತಿ ಇದ್ದರೆ ಸಣ್ಣ ಉರುಳೆಯಷ್ಟು ಕೊರೆದು ತೆಗೆದು ಪರೀಕ್ಷಿಸುವುದೂ ಉಂಟು. ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ಅವರ ವರದಿಗೆ ತೂಕ ಇರುತ್ತದೆ. ಮತ್ತೆ, ವರದಿ ಎಲ್ಲವನ್ನೂ ಕಾಂಟ್ರಾಕ್ಟರ್ ತಲೆಗೆ ಕಟ್ಟುತ್ತದೆ ಅಂತ ಅಂದುಕೊಳ್ಳಬೇಡಿ. ಗಾರೆಯ ಮೇಲಿನ ಕೂದಲೆಳೆ ಬಿರುಕು ಹೊಸ ಮನೆಯಲ್ಲಿ ಸಾಮಾನ್ಯ. ಸೋಲಾರ್ ಸ್ಟ್ಯಾಂಡ್‌ಗೆ ಅಂತ ನೀವೇ ತಾರಸಿ ಕೊರೆಸಿದ್ದರೆ ಅದನ್ನೂ ನಾವು ಬರೆಯುತ್ತೇವೆ.

ಯಾರೂ ಕೇಳದ ಒಂದು ಪ್ರಶ್ನೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಇಷ್ಟೊಂದು ಹೊಸ ಮನೆ ಮೊದಲ ಮಳೆಗೇ ಯಾಕೆ ಸೋರುತ್ತವೆ? ನಾನು ನೋಡಿದ ಮನೆಗಳಲ್ಲಿ ಹೆಚ್ಚಿನವಕ್ಕೆ ಗೃಹಪ್ರವೇಶ ಆಗಿದ್ದು ಆಷಾಢಕ್ಕೆ ಸ್ವಲ್ಪ ಮೊದಲು. ಆಷಾಢ ಬಂದರೆ ಮುಹೂರ್ತ ಇಲ್ಲ, ಹಾಗಾಗಿ ಜೂನ್‌ನೊಳಗೆ ಮುಗಿಸಿ ಅಂತ ಮನೆಯವರೇ ಒತ್ತಡ ಹಾಕುತ್ತಾರೆ. ಮೋಲ್ಡ್ ಹಾಕುವುದು ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ. ಈಗ ಮನೆಗಳಿಗೆ ಹೆಚ್ಚಾಗಿ ಬಳಸುವುದು ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456 ಪ್ರಕಾರ ಅಂಥ ಸಿಮೆಂಟಿನ ಕಾಂಕ್ರೀಟನ್ನು ಕಡಿಮೆ ಅಂದರೂ 10 ದಿನ ಒಣಗದ ಹಾಗೆ ನೋಡಿಕೊಳ್ಳಬೇಕು, ಬಿಸಿಲಿನ ಕಾಲದಲ್ಲಿ 14 ದಿನ ಒಳ್ಳೆಯದು. ಮೋಲ್ಡ್ ಮೇಲೆ ಗಾರೆಯಿಂದ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುತ್ತಾರಲ್ಲ, ಅದು ಇದಕ್ಕೇ. ನಾಲ್ಕನೇ ದಿನಕ್ಕೆ ಬದು ಒಣಗಿರುತ್ತದೆ. ಬೆಳಿಗ್ಗೆ ಒಂದು ಬಕೆಟ್ ಎರಚಿ "ನೀರು ಹಾಕಿದ್ದೀವಿ" ಅನ್ನುತ್ತಾರೆ. ಹಾಗೆ ಬೇಗ ಒಣಗಿದ ಕಾಂಕ್ರೀಟಿನಲ್ಲಿ ಬಿರುಕು ಬಿದ್ದು, ಮಳೆ ನೀರು ಅಲ್ಲಿಂದಲೇ ಇಳಿಯುತ್ತದೆ. ಗಾರೆ ಮೆತ್ತಿ ಹದಿನೈದು ದಿನಕ್ಕೆ ಪುಟ್ಟಿ, ಪೇಂಟ್. ಒಳಗಿನ ನೀರು ಹೊರಗೆ ಬರಲೇಬೇಕು, ಆಗ ಪೇಂಟ್ ಉಬ್ಬಿ ಹಾಳೆಹಾಳೆಯಾಗಿ ಏಳುತ್ತದೆ. ಗಾರೆ ಒಣಗೋಕೆ ಸುಮಾರು ಒಂದು ತಿಂಗಳು ಬಿಡಬೇಕು.

ಕಟ್ಟಿಸುತ್ತಿರುವವರು ಈಗಲೇ ಪುರೋಹಿತರ ಹತ್ತಿರ ಮಾತಾಡಿ. ಅದೇ ಮುಹೂರ್ತಕ್ಕೆ ಹೋಮ ಮಾಡಿಸಿ, ಹಾಲು ಉಕ್ಕಿಸಿ ಬನ್ನಿ. ಗೋಡೆ ಬರೀ ಗಾರೆಯಲ್ಲೇ ಇರಲಿ, ತೋರಣ ಕಟ್ಟಿದರೆ ಚೆನ್ನಾಗಿಯೇ ಕಾಣುತ್ತದೆ. ಆ ವರ್ಷದ ಮಳೆಯನ್ನು ಖಾಲಿ ಮನೆಯ ಮೇಲೆ ಬೀಳಲು ಬಿಡಿ. ಎಲ್ಲಿ ಸೋರುತ್ತದೆ ಅಂತ ನೋಡಿ, ಕಾಂಟ್ರಾಕ್ಟರ್‌ಗೆ ಕೊನೆಯ ಕಂತು ಕೊಡುವ ಮೊದಲೇ ಸರಿಮಾಡಿಸಿಕೊಳ್ಳಿ. ಪೇಂಟ್ ದಸರಾ ಹೊತ್ತಿಗೆ ಹೊಡೆಸಿದರಾಯಿತು.