ಅಲೆಗಳ ಮೇಲೆ ನಿಂತ ಮಸೀದಿಯನ್ನು ಉಪ್ಪು ತಿನ್ನುವುದಿಲ್ಲವೇ?

ಪ್ರಶ್ನೆ: ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ ಹಸನ್ II ಮಸೀದಿಯ ಒಂದು ಭಾಗ ಅಟ್ಲಾಂಟಿಕ್ ಕಡಲಿನ ಮೇಲೇ ಇದೆ. ಉಪ್ಪುನೀರಿಗೆ ಅದು ಹಾಳಾಗುವುದಿಲ್ಲವೇ?

ಹಾಳಾಯಿತು, ಅದೂ ಬೇಗ. 1993ರಲ್ಲಿ ಉದ್ಘಾಟನೆಯಾದ ಕಟ್ಟಡದ ಕಡಲ ಬದಿಗೆ ಸುಮಾರು ಹತ್ತು ವರ್ಷಕ್ಕೇ ಭಾರಿ ದುರಸ್ತಿ ಬೇಕಾಯಿತು.

ಪೆಟ್ಟು ಬೀಳುವುದು ಮುಖ್ಯವಾಗಿ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳಿಗೆ. ಕಾಂಕ್ರೀಟಿನ ಕ್ಷಾರಗುಣದಿಂದ ಸರಳಿನ ಮೇಲೆ ತೆಳು ರಕ್ಷಣಾ ಪದರ ಕಟ್ಟಿರುತ್ತದೆ. ಸಣ್ಣ ರಂಧ್ರಗಳ ಮೂಲಕ ಇಳಿಯುವ, ಕಡಲುಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಒಡೆಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟ್ ಬಿರಿದು ಉದುರುತ್ತದೆ. ಸದಾ ಮುಳುಗಿರುವ ಭಾಗಕ್ಕೆ ಆಮ್ಲಜನಕ ಸಿಗುವುದು ಕಡಿಮೆ, ಅಲ್ಲಿ ತುಕ್ಕು ನಿಧಾನ. ಅಲೆ ಬಡಿದು, ಒಣಗಿ, ಮತ್ತೆ ನೆನೆಯುವ ಪಟ್ಟಿಯೇ ಎಲ್ಲಕ್ಕಿಂತ ಅಪಾಯದ್ದು.

ಮೇಲೆ ಗಾರೆ ಮೆತ್ತಿದರೆ ಸಾಲದು. ಒಳಗೆ ಉಪ್ಪು ಉಳಿದರೆ ತೇಪೆಯ ಅಂಚಿನಲ್ಲೇ ಹೊಸ ತುಕ್ಕು ಶುರುವಾಗುತ್ತದೆ. ಆದ್ದರಿಂದ ಕೆಟ್ಟ ಕಾಂಕ್ರೀಟನ್ನು ಒಡೆದು ತೆಗೆದು, ಮಾಲಿಬ್ಡಿನಮ್ ಲೋಹ ಬೆರೆತ, ಉಪ್ಪಿಗೂ ಸುಲಭವಾಗಿ ತುಕ್ಕು ಹಿಡಿಯದ 2205 ಡುಪ್ಲೆಕ್ಸ್ ಎಂಬ ಬಗೆಯ ಸ್ಟೇನ್‌ಲೆಸ್ ಉಕ್ಕಿನ ಸರಳು ಹಾಕಿ, ಹೆಚ್ಚು ದಟ್ಟವಾದ ಕಾಂಕ್ರೀಟ್ ತುಂಬಿದರು. ದುಬಾರಿ, ಆದರೆ ಇಂಥ ಜಾಗಕ್ಕೆ ಇದೇ ಸರಿ. ನಮ್ಮ ಕರಾವಳಿಯಲ್ಲಿ ಕಟ್ಟುವವರೂ ಗಮನಿಸಬೇಕು: ಸರಳಿನ ಹೊರಗಿನ ಕಾಂಕ್ರೀಟ್ ಹೊದಿಕೆ ಕಡಲ ತುಂತುರು ಬೀಳುವಲ್ಲಿ ಕನಿಷ್ಠ 50 ಮಿ.ಮೀ., ಉಬ್ಬರವಿಳಿತದ ಪಟ್ಟಿಯಲ್ಲಿ 75 ಮಿ.ಮೀ. ಇರಬೇಕೆನ್ನುತ್ತದೆ ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 456.

ಇಷ್ಟು ಕಷ್ಟವಿದ್ದರೂ ಅಲ್ಲೇ ಏಕೆ? ದೇವರ ಸಿಂಹಾಸನ ನೀರಿನ ಮೇಲಿತ್ತು ಎಂಬ ಕುರ್‌ಆನ್ ಮಾತನ್ನು ದೊರೆ ಎರಡನೆಯ ಹಸನ್ ಆಧಾರವಾಗಿಟ್ಟುಕೊಂಡರು. ವಾಸ್ತುಶಿಲ್ಪಿ ಫ್ರಾನ್ಸಿನ ಮಿಷೆಲ್ ಪಿನ್ಸೋ. ಖರ್ಚಿನ ದೊಡ್ಡ ಪಾಲು ಸಾರ್ವಜನಿಕ ವಂತಿಗೆಯಿಂದ ಬಂತು, ಬಡವರೂ ಕೊಟ್ಟರು. ಸಾವಿರಾರು ಕುಶಲಕರ್ಮಿಗಳು ದೇವದಾರು ಕೆತ್ತಿದರು, ಝೆಲ್ಲಿಜ್ ಎಂಬ ಬಣ್ಣದ ಹೆಂಚಿನ ಚೂರುಗಳನ್ನು ಚಿತ್ತಾರವಾಗಿ ಜೋಡಿಸಿದರು. ಒಳಗೆ 25,000 ಜನ, ಅಂಗಳದಲ್ಲಿ ಇನ್ನೂ 80,000 ಜನ ನಮಾಜ್ ಮಾಡಬಹುದು. ಸೆಕೆ ಏರಿದರೆ ಮಧ್ಯದ ಚಾವಣಿಯೇ ಸರಿದು ಆಕಾಶ ತೆರೆಯುತ್ತದೆ. ಆವರಣದಲ್ಲಿ ಗ್ರಂಥಾಲಯವಿದೆ, ಸಾಂಪ್ರದಾಯಿಕ ಕರಕುಶಲ ಕಲಿಸುವ ಶಾಲೆಯೂ ಇದೆ. ಮೊರಾಕ್ಕೊದ ಹೆಚ್ಚಿನ ಮಸೀದಿಗಳಿಗೆ ಅನ್ಯಧರ್ಮೀಯರಿಗೆ ಪ್ರವೇಶವಿಲ್ಲ. ಆದರೆ ಇಲ್ಲಿ ನಮಾಜಿನ ಹೊತ್ತು ಬಿಟ್ಟು, ಟಿಕೆಟ್ ಪಡೆದು ಮಾರ್ಗದರ್ಶಿಯ ಜೊತೆ ಯಾರು ಬೇಕಾದರೂ ಒಳಗೆ ಹೋಗಬಹುದು. ಭುಜ, ಮಂಡಿ ಮುಚ್ಚಿರಬೇಕು, ಚಪ್ಪಲಿ ಬಿಚ್ಚಬೇಕು.